ಡೇರೆ ಹೂವಿಗೆ ಕೊಡೆ ಹಿಡಿಯುವ ಅಮ್ಮ: ಹೂವು ಚೆಂದವೆಂದು ನಮಗೇಕೆ ಅನ್ನಿಸುತ್ತದೆ?

ತೋಟದಂಚು (ತೀರ್ಥಹಳ್ಳಿ ತಾಲ್ಲೂಕು):
ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಲು ಒಂದು ದಿನವಾದರೂ ಹೊಳವಾದೀತೇ ಎಂದು ನಾನು ಮೋಡ ನೋಡುತ್ತಾ ಕುಳಿತಿದ್ದೆ. ಅಮ್ಮ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಕೊಡೆ ಇದ್ದದ್ದು ಅವರ ತಲೆಯ ಮೇಲಲ್ಲ, ಡೇರೆ (ಡೇಲಿಯಾ) ಹೂವಿನ ಮೇಲೆ. ಊಟದ ತಟ್ಟೆಯಷ್ಟು ಅಗಲದ ಹೂವು. ಬಿಳಿ ಎಸಳು, ತುದಿಯಲ್ಲಿ ನೇರಳೆ. ಮಳೆನೀರು ತುಂಬಿ ಕತ್ತು ಮುರಿದೀತೆಂಬ ಭಯ ಅವರಿಗೆ. ಗಡ್ಡೆ ಬಂದದ್ದು ಸಾಗರದ ಚಿಕ್ಕಮ್ಮನ ಮನೆಯಿಂದ. ಬದಲಿಗೆ ಇಲ್ಲಿಂದ ಎರಡು ಬಣ್ಣದ ಗಡ್ಡೆ, ಜೊತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಹೋಗಿದೆ.

"ಜ್ವರ ಬಂದರೆ ಹೂವು ಬಂದು ಕಷಾಯ ಕಾಯಿಸುತ್ತದೆಯೇ?" ಎಂದೆ. "ನೀನು ಅಡಿಕೆ ಕೊನೆಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸುವುದಿಲ್ಲವೇ?" ಎಂದರು.

ಅಡಿಕೆ ದುಡ್ಡು ಕೊಡುತ್ತದೆ. ಡೇರೆಗೆ ಪರಿಮಳವೂ ಇಲ್ಲ, ತಿನ್ನಲೂ ಬಾರದು. ಜೇನು ಹೂವಿಗೆ ಮರುಳಾಗುವುದು ಮಕರಂದಕ್ಕಾಗಿ. ಮನುಷ್ಯನಿಗೆ ಅದರಿಂದ ಏನು ದಕ್ಕುತ್ತದೆ?

ಹಳೆಯ ಮೇಷ್ಟ್ರು (ಸಾಗರ):
ಮೊದಲು ಒಂದು ತಿದ್ದುಪಡಿ. ಡೇರೆಯ ತವರು ಮೆಕ್ಸಿಕೊ. ಅಲ್ಲಿನವರು ಅದರ ಗಡ್ಡೆಯನ್ನು ತಿನ್ನುತ್ತಿದ್ದರು. ನಿಮ್ಮ ಅಮ್ಮನಿಗೆ ಹೇಳಬೇಡಿ.

ಹೂವಿನ ಬಣ್ಣ ನಮಗಾಗಿ ಹುಟ್ಟಿದ್ದಲ್ಲ. ಗಾಳಿಯಿಂದಲೇ ಪರಾಗ ಸಾಗುವ ಹೂಗಳಿಗೆ ಸಾಮಾನ್ಯವಾಗಿ ಬಣ್ಣದ ಆಡಂಬರವಿಲ್ಲ ಎಂಬುದನ್ನು ಡಾರ್ವಿನ್ ಗಮನಿಸಿದ್ದರು; ಬಿದಿರಿನ ಹೂವನ್ನು ಯಾರು ತಾನೇ ಮುಡಿಯುತ್ತಾರೆ? 1914ರಲ್ಲಿ ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಜೇನಿನ ಕಣ್ಣನ್ನು ಪರೀಕ್ಷಿಸಿದ ಬಗೆ ಸೊಗಸಾಗಿದೆ. ಬೂದು ಚೌಕಗಳ ನಡುವೆ ಒಂದು ನೀಲಿ ಚೌಕವಿಟ್ಟು, ಅದರ ಮೇಲೆ ಸಕ್ಕರೆ ನೀರು ಇಟ್ಟರು. ಆಮೇಲೆ ಸಕ್ಕರೆ ತೆಗೆದರೂ ಜೇನು ನೀಲಿಗೇ ಬಂತು. ಆದರೆ ಅದಕ್ಕೆ ಕೆಂಪು ಕಾಣದು. ನಮಗೆ ಕಾಣದ ಅತಿನೇರಳೆ ಕಾಣುತ್ತದೆ. ಒಂದೇ ಹೂವು, ಅದು ನೋಡುವುದೇ ಬೇರೆ, ನಾವು ನೋಡುವುದೇ ಬೇರೆ.

ಮನುಷ್ಯನ ವಿಷಯದಲ್ಲಿ ಒಂದು ವಾದವಿದೆ: ಇಂದು ಹೂವಿದ್ದಲ್ಲಿ ನಾಳೆ ಹಣ್ಣು; ಹಾಗಾಗಿ ಹೂವನ್ನು ಗಮನಿಸಿದವನ ಹೊಟ್ಟೆ ತುಂಬಿತು. ಹೊಳೆದಂಡೆಯ ಮಿಡಿಮಾವು ಹೂ ಬಿಟ್ಟಾಗಲೇ ಗುರುತಿಟ್ಟುಕೊಳ್ಳುವವರು ನಾವಲ್ಲವೇ?

ಸುರಗಿ ಸರ (ಹೊಸನಗರ):
ಮೇಷ್ಟ್ರೇ, ಹೊಟ್ಟೆಯ ಲೆಕ್ಕವೇ ನಿಜವಾದರೆ ಎಲ್ಲಕ್ಕಿಂತ ಚೆಂದದ್ದು ಮಾವಿನ ಹೂವಾಗಬೇಕಿತ್ತು. ಅದನ್ನು ಮುಡಿದವರನ್ನು ನಾನಂತೂ ಕಂಡಿಲ್ಲ. ಗೌರಿ ಹೂವಿನ ಗಡ್ಡೆ ಶುದ್ಧ ವಿಷ. ಆದರೂ ಬೇಲಿಯ ಮೇಲೆ ಆ ಹಳದಿ-ಕೆಂಪು ಎಸಳು ಬೆಂಕಿಯಂತೆ ಮೇಲೆದ್ದಾಗ ಕಾಲು ತಾನಾಗಿ ನಿಲ್ಲುತ್ತದೆ.

ನನಗೆ ಏಳು ವರ್ಷವಿದ್ದಾಗ ಮಳೆಗಾಲದ ಮೊದಲ ಗಾಳಿಗೆ ಕೊಂಬೆ ಮುರಿದು, ಅದರ ಮೇಲಿದ್ದ ಸೀತಾಳೆ ದಂಡೆಯನ್ನು (ಮರದ ಮೇಲೆ ಬೆಳೆಯುವ ಆರ್ಕಿಡ್ ಹೂಗೊಂಚಲು) ಅಪ್ಪ ತಂದಿದ್ದರು. ಜಡೆಯಷ್ಟೇ ಉದ್ದ. ಅಪ್ಪನಿಗೆ ಮುಡಿಸಲು ಬಾರದು. ಬಾಳೆನಾರಿನಿಂದ ಜಡೆಗೆ ಬಿಗಿದು ಕಟ್ಟಿದರು. ರಾತ್ರಿ ಬಿಚ್ಚುವಾಗ ಕೂದಲು ಕಿತ್ತು ಬಂದು ಅತ್ತಿದ್ದೆ. ಈಗಲೂ ಜೂನ್ ಬಂದರೆ ಮರಗಳ ಕವಲು ನೋಡುತ್ತಾ ನಡೆಯುತ್ತೇನೆ. ಇದಕ್ಕೆ ಯಾವ ಹಣ್ಣಿನ ಲೆಕ್ಕ ಹೇಳುತ್ತೀರಿ?

ತೋಟದಂಚು:
ಅಕ್ಕಾ, ಆ ಲೆಕ್ಕ ಮೇಷ್ಟ್ರಿಗೇ ಬಿಟ್ಟೆ. ಇವತ್ತು ಮಧ್ಯಾಹ್ನ ಮಳೆ ಬಿಟ್ಟಿತ್ತು. ಒಂದು ಲೋಟ ಕಾಫಿ ಕುಡಿದು ಮುಗಿಸುವವರೆಗೆ ಡೇರೆಯ ಮುಂದೆ ಕುಳಿತೆ. ಅಮ್ಮನ ತಟ್ಟೆ ಹೂವಿಗೆ ಒಂದೇ ಒಂದು ಜೇನು ಬರಲಿಲ್ಲ. ಪಕ್ಕದಲ್ಲಿ ಬೀಜ ಬಿದ್ದು ಎದ್ದ ಗಿಡವೊಂದಿದೆ. ಎಂಟೇ ಎಸಳು, ನಡುವೆ ಹಳದಿ. 'ಕಾಡು ಡೇರೆ, ಕಿತ್ತು ಹಾಕು' ಎಂದು ಅಮ್ಮ ಹೇಳುತ್ತಲೇ ಇದ್ದರು. ಅದರಲ್ಲಿ ನಾಲ್ಕು ತುಡುವೆ ಜೇನು, ಕಾಲಿಗೆಲ್ಲ ಪರಾಗ!

ಹಳೆಯ ಮೇಷ್ಟ್ರು:
ಸರಿಯಾಗಿಯೇ ನೋಡಿದ್ದೀರಿ. ಆ ಹಳದಿ ನಡುವಿನಲ್ಲಿರುವುದು ಹಲವಾರು ಪುಟ್ಟ ಹೂಗಳು, ಜೇನಿಗೆ ಊಟ ಅಲ್ಲೇ. ಎಸಳು ಹೆಚ್ಚಿರುವುದನ್ನೇ ಆರಿಸಿ ಬೆಳೆಸುತ್ತಾ ಬಂದ ನಾವು ಆ ಪುಟ್ಟ ಹೂಗಳ ಜಾಗವನ್ನೆಲ್ಲ ಎಸಳಿಗೇ ಕೊಟ್ಟೆವು. ಹಣ್ಣಿನ ವಾದ ಇಲ್ಲಿ ಕುಂಟುತ್ತದೆ, ಒಪ್ಪಿದೆ. ನಿಮ್ಮ ಅಮ್ಮನ ಹೂವು ಜೇನಿಗೆ ಬರಿಗೈ, ಮನುಷ್ಯನ ಕಣ್ಣಿಗೆ ಮಾತ್ರ.

ತೋಟದಂಚು:
ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಬೇಸರವೇನೂ ಆಗಲಿಲ್ಲ. "ಹಾಗಿದ್ದರೆ ಕಾಡು ಡೇರೆ ಇರಲಿ ಬಿಡು, ಪಾಪ" ಎಂದರು. ಸಂಜೆ ತೀರ್ಥಹಳ್ಳಿ ಪೇಟೆಗೆ ಹೊರಟರೆ ಮನೆಯಲ್ಲಿ ಕೊಡೆ ಇಲ್ಲ. ಹೂವಿನ ಪಕ್ಕದ ಗೂಟಕ್ಕೆ ಬಾಳೆನಾರಿನಿಂದ ಕಟ್ಟಿಟ್ಟಿದ್ದಾರೆ.