ಮೂರು ಪಾತ್ರೆಯ ಅಸ್ತ್ರ ಒಲೆ: ಹೊಗೆ ಬಾಯಿಗೇ ವಾಪಸ್, ಮೂರನೇ ಪಾತ್ರೆ ಬಿಸಿಯಾಗುತ್ತಿಲ್ಲ

ಹಂಚಿನಮನೆ:
ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಂಚಿನ ಮನೆ, ಅಡುಗೆಮನೆ 10×12 ಅಡಿ. ಫೆಬ್ರವರಿಯಲ್ಲಿ ಅಸ್ತ್ರ ಮಾದರಿಯ, ಚಿಮಣಿ ಇರುವ ಮೂರು ಪಾತ್ರೆಯ ಸೌದೆ ಒಲೆ ಕಟ್ಟಿಸಿದ್ದು. ಮೇ ತಿಂಗಳವರೆಗೆ ಚೆನ್ನಾಗಿ ಉರಿಯಿತು. ಮಳೆ ಹಿಡಿದ ಮೇಲೆ ತೊಂದರೆ.

ಬೆಳಿಗ್ಗೆ ಹೊತ್ತಿಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಹೊಗೆಯೆಲ್ಲ ಸೌದೆ ಹಾಕುವ ಬಾಯಿಂದಲೇ ಹೊರಗೆ. ಆಮೇಲೆ ಕಮ್ಮಿಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಮೊದಲ ಪಾತ್ರೆಯಲ್ಲಿ ಅನ್ನ ಸರಿಯಾಗಿ ಆಗುತ್ತದೆ. ಎರಡನೆಯದರಲ್ಲಿ ಸಾರು ಕುದಿಯಲು ಮುಕ್ಕಾಲು ಗಂಟೆ. ಮೂರನೆಯದರ ನೀರು ಉಗುರುಬೆಚ್ಚಗೂ ಆಗುವುದಿಲ್ಲ. ಪೈಪು ಗೋಡೆ ದಾಟುವಲ್ಲಿ ಜಾಯಿಂಟಿನಿಂದ ಡಿಕಾಕ್ಷನ್ ಬಣ್ಣದ ಅಂಟು ನೀರು ಇಳಿದು ಸುಣ್ಣದ ಗೋಡೆಯೆಲ್ಲ ಕಲೆ.

ಚಿಮಣಿ 4 ಇಂಚಿನ ಸಿಮೆಂಟ್ ಪೈಪು. ಒಲೆ ಮೇಲಿಂದ 5 ಅಡಿ ನೇರ, ಅಲ್ಲಿ ಎಲ್ಬೋ, 3 ಅಡಿ ಅಡ್ಡ ಹೋಗಿ ಗೋಡೆ ದಾಟಿ, ಹೊರಗೆ ಇನ್ನೊಂದು ಎಲ್ಬೋ, ಅಲ್ಲಿಂದ 4 ಅಡಿ ಮೇಲಕ್ಕೆ. ತುದಿ ಸೂರಿಗಿಂತ ಒಂದಡಿ ಎತ್ತರ. ಒಲೆ ಒಡೆದು ಹೊಸದಾಗಿ ಕಟ್ಟಿ 6 ಇಂಚಿನ ಪೈಪು ಹಾಕಬೇಕು ಎಂದು ಗಾರೆ ಕೆಲಸದವರು ಹೇಳುತ್ತಿದ್ದಾರೆ. ತಿಳಿದವರು ದಾರಿ ಹೇಳಿ.

ಮಣ್ಣೊಲೆ:
ಒಲೆ ಒಡೆಯಬೇಡಿ. ಮೂರು ತಿಂಗಳು ಸರಿಯಾಗಿ ಉರಿದಿದೆ ಅಂದರೆ ಉರಿಗೂಡಿನ ಅಳತೆ ತಪ್ಪಿಲ್ಲ. ಆಮೇಲೆ ಏನು ಬದಲಾಯಿತು ಅನ್ನುವುದನ್ನು ಹುಡುಕಬೇಕು. ಇಷ್ಟು ಹೇಳಿ: ಮೂರನೇ ಪಾತ್ರೆ ಇಳಿಸಿದಾಗ ಆ ತೂತು ಮುಚ್ಚುತ್ತೀರಾ? ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆಯಾ? ಸೌದೆ ಯಾವ ಮರದ್ದು, ಕಡಿದದ್ದು ಯಾವಾಗ? ಎರಡನೇ, ಮೂರನೇ ಪಾತ್ರೆಯ ಅಡಿಯ ಬೂದಿ ಎಂದಾದರೂ ತೆಗೆದದ್ದುಂಟಾ? ಪೈಪಿನ ಅಗಲ ಬಾಯಿ ಮೇಲೆ ಮುಖ ಮಾಡಿದೆಯೋ ಕೆಳಗೋ?

ಹಂಚಿನಮನೆ:
ಫ್ಯಾನ್ ಮೇ ಕೊನೆಗೆ ಹಾಕಿಸಿದ್ದು, ಗ್ಯಾಸ್ ಒಲೆಯ ಮೇಲೆ. ಮಳೆಗಾಲವಾದ್ದರಿಂದ ಕಿಟಕಿ ಹಾಕಿರುತ್ತದೆ. ಬಿಸಿನೀರಿನ ಪಾತ್ರೆ ಇಳಿಸಿದರೆ ತೂತು ಹಾಗೇ ಇರುತ್ತದೆ. ಸೌದೆ ಸಿಲ್ವರ್ ಓಕ್, ಮಾರ್ಚಿಯಲ್ಲಿ ಕಡಿದದ್ದು. ಜೊತೆಗೆ ಅಡಿಕೆ ಸಿಪ್ಪೆ. ಬೂದಿಯನ್ನು ಜಾಲರಿ ಕೆಳಗಿನಿಂದ ಮಾತ್ರ ತೆಗೆಯುತ್ತೇವೆ, ಪಾತ್ರೆಗಳ ಅಡಿಗೆ ಕೈ ಹಾಕಿಲ್ಲ. ಪೈಪಿನ ಅಗಲ ಬಾಯಿ ಕೆಳಗೆ ಇದೆ.

ಮಣ್ಣೊಲೆ:
ಹಾಗಾದರೆ ಒಂದಲ್ಲ, ಐದು ಕಾರಣ ಒಟ್ಟಿಗೆ ಸೇರಿವೆ. ಈ ಒಲೆಯ ಜೀವ ಇರುವುದು ಚಿಮಣಿಯ ಎಳೆತದಲ್ಲಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ ಒಲೆ ಇದು. ಮೂರು ಕಲ್ಲಿನ ಒಲೆಯ ಹಾಗೆ ಸುತ್ತಲಿಂದ ಗಾಳಿ ಕುಡಿಯುವುದಿಲ್ಲ. ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು, ಉರಿ ಮೊದಲ ಪಾತ್ರೆಗೆ ತಾಗಿ, ಸುರಂಗದ ಮೂಲಕ ಎರಡನೆಯದರ ಅಡಿ, ಮೂರನೆಯದರ ಅಡಿ ಸವರಿಕೊಂಡು ಚಿಮಣಿ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ತೂತಾದರೂ ಎಲ್ಲಿ ಕಟ್ಟಿದರೂ ಮೊದಲು ಸೋಲುವುದು ಮೂರನೇ ಪಾತ್ರೆ.

ಎಳೆತ ಎಷ್ಟು ಸಣ್ಣದು ಅನ್ನುವುದು ಗೊತ್ತಿರಲಿ. 4 ಮೀಟರ್ ಎತ್ತರದ ಚಿಮಣಿಯಲ್ಲಿ ಹೊಗೆ ಸರಾಸರಿ 150 ಡಿಗ್ರಿ, ಹೊರಗೆ 25 ಡಿಗ್ರಿ ಇದ್ದರೆ ಸಿಗುವುದು ಸುಮಾರು 13 ಪ್ಯಾಸ್ಕಲ್. ಒಂದೂಕಾಲು ಮಿಲಿಮೀಟರ್ ನೀರು ನಿಂತಷ್ಟು ಒತ್ತಡ, ಅಷ್ಟೇ. ಅದೇ ಹೊಗೆ 60 ಡಿಗ್ರಿಗೆ ತಣಿದರೆ 5 ಪ್ಯಾಸ್ಕಲ್ ಕೂಡ ಉಳಿಯುವುದಿಲ್ಲ. ನಿಮ್ಮ ಪೈಪಿನ ನೇರ ಎತ್ತರ 9 ಅಡಿ, 3 ಮೀಟರಿಗೂ ಕಮ್ಮಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಹಾಕಿದರೆ ಅದು ಗಾಳಿಯನ್ನು ಎಲ್ಲಿಂದಾದರೂ ಎಳೆಯಲೇಬೇಕಲ್ಲ? ಸುಲಭದ ದಾರಿ ಚಿಮಣಿಯೇ. ಹೊಗೆ ಕೆಳಗೆ ಬರುತ್ತದೆ.

ಇದು ಬರೀ ಕಣ್ಣುರಿಯ ಮಾತಲ್ಲ. ಕೆಂಡ ನಿಗಿನಿಗಿ ಇರುವಾಗ ಹೊಗೆ ಕಾಣದೆಯೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ಸೌದೆ ಒಲೆ ಉರಿಯುವಾಗ, ಕೆಂಡ ಇರುವಾಗ ಫ್ಯಾನ್ ಹಾಕಲೇಬೇಡಿ. ಒಲೆಯ ಹತ್ತಿರದ ಕಿಟಕಿ ನಾಲ್ಕು ಬೆರಳಾದರೂ ತೆರೆದಿರಲಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಒಲೆ ಆರಿ ತಣ್ಣಗಿರುವಾಗ ಮೂರು ತೂತಿಗೂ ಪಾತ್ರೆ ಇಟ್ಟು, ಸೌದೆ ಬಾಯಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋಗುತ್ತದೋ ನಿಮ್ಮ ಕಡೆ ಬರುತ್ತದೋ ನೋಡಿ. ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ, ಕಿಟಕಿ ತೆರೆದು ಒಮ್ಮೆ.

ಸೌದೆಗೂಡು:
ಸೌದೆಯ ಬಗ್ಗೆ. ಮಾರ್ಚಿಯಲ್ಲಿ ಕಡಿದ ಮರ ಜೂನಿಗೆ ಒಣಗಿರುವುದಿಲ್ಲ, ಅದೂ ಸಿಗಿಯದೆ ದಿಮ್ಮಿಯಾಗಿ ಇಟ್ಟಿದ್ದರೆ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ. ಒಲೆಗೆ ಬೇಕಾದದ್ದು ಶೇ 20ರ ಒಳಗಿನದು.

ಅಡುಗೆಮನೆ ತಕ್ಕಡಿಯಲ್ಲೇ ಪರೀಕ್ಷಿಸಬಹುದು. ಸಿಗಿದ ಕೊರಡಿನ ನಡುವಿನಿಂದ 500 ಗ್ರಾಂ ತುಂಡು ಕತ್ತರಿಸಿ ಸಣ್ಣ ಚಕ್ಕೆ ಮಾಡಿ. ಆರುತ್ತಿರುವ ಒಲೆಯ ಕಟ್ಟೆ ಮೇಲೆ ಬಾಣಲೆಯಲ್ಲಿಟ್ಟು ದಿನವೂ ತೂಗಿ, ಸೀಯದ ಹಾಗೆ ನೋಡಿಕೊಳ್ಳಿ. ತೂಕ ಇಳಿಯುವುದು ನಿಂತಾಗ 400 ಗ್ರಾಂ ಇದ್ದರೆ ಮೊದಲಿದ್ದ ತೇವ ಶೇ 20. 300 ಇದ್ದರೆ ಶೇ 40. ಮುಳ್ಳು ಚುಚ್ಚುವ ಮೀಟರ್ ಕೊಂಡವರು ಗಮನಿಸಿ: ಅದು ಒಣ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹಾಕುತ್ತದೆ. ಶೇ 20 ತೇವದ ಸೌದೆಗೆ ಮೀಟರ್ 25 ತೋರಿಸಿದರೆ ಎರಡೂ ಸರಿಯೇ.

ಶೇ 40 ತೇವದ ಒಂದು ಕಿಲೋ ಸೌದೆಯಲ್ಲಿ 400 ಗ್ರಾಂ ನೀರು. ಅಷ್ಟನ್ನು ಆವಿ ಮಾಡುವ ಶಾಖದಲ್ಲಿ 3 ಲೀಟರ್ ತಣ್ಣೀರನ್ನು ಕುದಿ ಬರಿಸಬಹುದು. ನಿಮ್ಮ ಮೂರನೇ ಪಾತ್ರೆಯ ಬಿಸಿನೀರು ಹೋಗುತ್ತಿರುವುದು ಅಲ್ಲಿಗೆ. ಆ ಆವಿ, ಅರೆಬರೆ ಉರಿದ ಹೊಗೆಯ ಜೊತೆ ತಣ್ಣನೆಯ ಪೈಪಿಗೆ ತಾಗಿ ನೀರಾಗಿ, ಗೋಡೆ ಮೇಲೆ ಇಳಿಯುವ ಡಿಕಾಕ್ಷನ್ ಆಗಿದೆ.

ಈ ಮಳೆಗಾಲಕ್ಕೆ ಹೊಸ ಸೌದೆ ಒಣಗಿಸಲು ಆಗದು. ಹಳೆಯದು ಸಿಗುವಷ್ಟು ತನ್ನಿ. ಇರುವುದನ್ನು ಮಣಿಕಟ್ಟಿಗಿಂತ ದಪ್ಪ ಇಲ್ಲದ ಹಾಗೆ ಸಿಗಿದು, ನಾಳೆ ಬೇಕಾದದ್ದನ್ನು ಇವತ್ತು ಒಲೆಯಿಂದ ಎರಡಡಿ ದೂರ ಒಟ್ಟಿ. ಪೈಪಿಗೆ ಒರಗಿಸಬೇಡಿ. ಬರುವ ವರ್ಷದ್ದನ್ನು ಡಿಸೆಂಬರಿನೊಳಗೆ ಕಡಿದು ಸಿಗಿದು, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಗಾಳಿಯಾಡುವ ಹಾಗೆ ಒಟ್ಟಿ, ಮೇಲೆ ಮಾತ್ರ ಹೊದಿಸಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ.

ಅಡಿಕೆ ಸಿಪ್ಪೆ ಉರಿಯುವುದಕ್ಕಿಂತ ಕನಲುವುದು ಹೆಚ್ಚು, ಜಾಲರಿಯನ್ನೂ ಮುಚ್ಚುತ್ತದೆ. ಅದನ್ನು ಬಚ್ಚಲೊಲೆಗೆ ಬಿಡಿ. ಹೊತ್ತಿಸಲು ಒಣ ತೆಂಗಿನ ಗರಿ, ಗೆರಟೆ ಚೂರು ಒಳ್ಳೆಯದು. ಹೊಳೆಗೇರಿನ ಮರ ರಾಶಿಯಲ್ಲಿ ಸೇರಿದ್ದರೆ ಬೇರೆ ಮಾಡಿ, ಅದರ ಸೊನೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಕೂಡ ಬೇಡ.

ಮೂರುಪಾತ್ರೆ:
6 ಇಂಚಿನ ಪೈಪಿನ ಸಲಹೆ ಒಪ್ಪಲಾಗದು. 4 ಇಂಚಿನ ಪೈಪಿನ ಒಳಬಾಯಿಯ ವಿಸ್ತೀರ್ಣ ಸುಮಾರು 80 ಚದರ ಸೆಂಟಿಮೀಟರ್, 6 ಇಂಚಿನದ್ದು ಅದರ ಎರಡೂಕಾಲು ಪಟ್ಟು. ಅಷ್ಟೇ ಹೊಗೆ ಅಲ್ಲಿ ನಿಧಾನವಾಗಿ ಏರುತ್ತದೆ, ಇನ್ನೂ ತಣಿಯುತ್ತದೆ, ಡಾಂಬರು ಇನ್ನೂ ಹೆಚ್ಚು ಕೂರುತ್ತದೆ. ಮನೆ ಅಡುಗೆಯ ಒಲೆಗೆ 4 ಇಂಚು ಸಾಕು. ಬೇಕಾದದ್ದು ಎತ್ತರ ಮತ್ತು ನೇರ ದಾರಿ.

ಪಾತ್ರೆಗಳ ಅಡಿಯ ಸುರಂಗದ ಒಳಬಾಯಿಯ ವಿಸ್ತೀರ್ಣವೂ 80 ಚದರ ಸೆಂಟಿಮೀಟರಿಗಿಂತ ಕಮ್ಮಿಯಾಗಬಾರದು, ಅಂದರೆ 9×9 ಸೆಂಟಿಮೀಟರ್. ಎರಡನೇ, ಮೂರನೇ ಪಾತ್ರೆಯ ತಳಕ್ಕೂ ಕೆಳಗಿನ ನೆಲಕ್ಕೂ ಒಂದರಿಂದ ಒಂದೂವರೆ ಇಂಚು ಸಂದು ಇರಲಿ. ನಾಲ್ಕು ತಿಂಗಳ ಬೂದಿ ಕೂತರೆ ಆ ಸಂದು ಅರ್ಧ ಇಂಚೂ ಉಳಿದಿರುವುದಿಲ್ಲ. ಒಲೆ ಪೂರ್ತಿ ತಣಿದ ಮೇಲೆ ಪಾತ್ರೆ ಎತ್ತಿ, ಸೌಟಿನಿಂದ ಬೂದಿ ತೋಡಿ, ಕೈ ಹಾಕಿ ನೆಲ ಮುಟ್ಟಿ ನೋಡಿ. ಇದನ್ನು ವಾರಕ್ಕೊಮ್ಮೆ ಮಾಡಬೇಕು, ಜಾಲರಿ ಕೆಳಗಿನದನ್ನು ದಿನವೂ. ಬೂದಿಯೊಳಗೆ ಕೆಂಡ ಒಂದು ದಿನಕ್ಕೂ ಮೀರಿ ಜೀವ ಹಿಡಿದಿರುತ್ತದೆ. ತಗಡಿನ ಡಬ್ಬಿಗೇ ಹಾಕಿ, ಗೋಣಿಗೆ ಬೇಡ.

ಮೂರನೇ ತೂತು ತೆರೆದಿಟ್ಟರೆ ಚಿಮಣಿ ಎಳೆಯುವುದು ಉರಿಯನ್ನಲ್ಲ, ಅಡುಗೆಮನೆಯ ತಣ್ಣನೆ ಗಾಳಿಯನ್ನು. ಪಾತ್ರೆ ಇಳಿಸಿದ ಕೂಡಲೇ ದಪ್ಪ ಕಬ್ಬಿಣದ ತಟ್ಟೆ ಮುಚ್ಚಿ. ಸಣ್ಣ ಪಾತ್ರೆ ಇಡಬೇಕಿದ್ದರೆ 3 ಮಿಲಿಮೀಟರ್ ತಗಡಿನಲ್ಲಿ ಉಂಗುರ ಮಾಡಿಸಿಕೊಳ್ಳಿ.

ಹಂಚಿನಮನೆ:
ನೋಡಿದ್ದು ಹೀಗಿದೆ. ಫ್ಯಾನ್ ಹಾಕಿದಾಗ ಊದುಬತ್ತಿಯ ಹೊಗೆ ನೇರ ಮುಖಕ್ಕೆ. ಆರಿಸಿ ಕಿಟಕಿ ತೆರೆದರೆ ಮೆಲ್ಲಗೆ ಒಳಗೆ. ಮೂರನೇ ಪಾತ್ರೆಯ ಅಡಿ ಒಂದು ಸೇರಿಗೂ ಹೆಚ್ಚು ಬೂದಿ. ಅದನ್ನೆಲ್ಲ ತೆಗೆದು, ಹಳೆ ಸೌದೆ ಹಾಕಿ, ಫ್ಯಾನ್ ಇಲ್ಲದೆ ಉರಿಸಿದರೆ ಮೂರನೆಯದರ 4 ಲೀಟರ್ ನೀರು ಮುಕ್ಕಾಲು ಗಂಟೆಯಲ್ಲಿ ಕೈ ಹಾಕಲಾಗದಷ್ಟು ಬಿಸಿ. ಹೊತ್ತಿಸುವಾಗಿನ ಹೊಗೆ ಮಾತ್ರ ಇನ್ನೂ ಐದು ನಿಮಿಷ ಇದೆ. ಜಾಯಿಂಟಿನಲ್ಲಿ ಇಳಿಯುವುದೂ ಇದೆ.

ಮಣ್ಣೊಲೆ:
ಹೊತ್ತಿಸುವಾಗಿನದು ಪೈಪಿನೊಳಗಿನ ತಣ್ಣನೆ ಗಾಳಿಯ ಅಡ್ಡಿ. ಮೂರನೇ ಪಾತ್ರೆ ಎತ್ತಿ, ಚಿಮಣಿಯ ಬುಡದ ಹತ್ತಿರ ಒಂದು ಹಾಳೆ ಪೇಪರ್ ಅಥವಾ ಒಣ ಗರಿ ಸುಟ್ಟು ತಕ್ಷಣ ಮುಚ್ಚಿ. ಪೈಪು ಗುಂಯ್ ಎಂದು ಎಳೆದ ಮೇಲೆ ಮೊದಲ ಒಲೆಗೆ ಬೆಂಕಿ ಕೊಡಿ. ಸೀಮೆಎಣ್ಣೆ ಸುರಿಯುವುದು ಬೇಡ.

ಜಾಯಿಂಟ್ ಸೋರುವುದಕ್ಕೆ ಕಾರಣ ಪೈಪು ತಲೆಕೆಳಗಾಗಿರುವುದು. ಹೊಗೆ ಮೇಲಕ್ಕೆ ಹೋಗುತ್ತದೆ ಎಂದು ಅಗಲ ಬಾಯಿ ಕೆಳಗೆ ಮಾಡುತ್ತಾರೆ. ಆದರೆ ಒಳಗೆ ಅಂಟು ನೀರು ಇಳಿಯುವುದು ಕೆಳಕ್ಕೆ. ಅಗಲ ಬಾಯಿ ಮೇಲೆ ಇರಬೇಕು, ಮೇಲಿನ ಪೈಪಿನ ಸಣ್ಣ ತುದಿ ಅದರೊಳಗೆ ಕೂರಬೇಕು. ಆಗ ನೀರು ಒಳಗೇ ಇಳಿದು ಬುಡದ ಬಿಸಿಗೆ ಆರುತ್ತದೆ. ಸಂದಿಗೆ ಜೇಡಿಮಣ್ಣು, ಮರಳು ಕಲಸಿ ಮೆತ್ತಿ.

ಮಳೆ ಬಿಟ್ಟ ಮೇಲೆ ಎರಡೂ ಎಲ್ಬೋ ತೆಗೆದು ನೇರ ಮಾಡಿನ ಮೂಲಕ ಒಯ್ಯಿರಿ. ಅಡ್ಡ ಪೈಪಿನಲ್ಲಿ ಮಸಿ ನಿಲ್ಲುವುದನ್ನು ಯಾರೂ ತಡೆಯಲಾರರು. ತುದಿ ಮಾಡಿನಿಂದ ಕನಿಷ್ಠ 3 ಅಡಿ ಎತ್ತರ, ಮತ್ತು ಸುತ್ತ 10 ಅಡಿಯೊಳಗಿನ ಮಾಡು, ಗೋಡೆ, ಏನೇ ಇದ್ದರೂ ಅದಕ್ಕಿಂತ 2 ಅಡಿ ಎತ್ತರ ಇರಲಿ. ಈಗ ಸೂರಿನ ಬಳಿ ಇರುವುದರಿಂದ ಗಾಳಿ ಮಾಡಿನ ಮೇಲಿಂದ ಉರುಳಿ ಪೈಪಿನೊಳಗೇ ಹೊಡೆಯುತ್ತದೆ. ಹಂಚು ತೆಗೆದ ಜಾಗಕ್ಕೆ ಕಾಲರ್ ಇರುವ ತಗಡು ಕೂರಿಸಿ. ತಗಡಿನ ಮೇಲಂಚು ಮೇಲಿನ ಸಾಲಿನ ಹಂಚಿನ ಕೆಳಗೆ, ಕೆಳ ಅಂಚು ಕೆಳಗಿನ ಸಾಲಿನ ಮೇಲೆ. ತಿರುಗಾ ಮುರುಗಾ ಆದರೆ ಮೊದಲ ಮಳೆಗೇ ಸೋರುತ್ತದೆ.

ಮಾಡಿನ ಮರದ ಪಕಾಸು, ರೀಪಿನಿಂದ ಬರಿ ಪೈಪು 18 ಇಂಚು ದೂರ ಇರುವುದು ಒಳ್ಳೆಯದು. ಅಷ್ಟು ಜಾಗ ಇಲ್ಲದಿದ್ದರೆ ಮರಕ್ಕೂ ಪೈಪಿಗೂ ನಡುವೆ ಗಾಳಿಯಾಡುವ ಸಂದು ಬಿಟ್ಟು ತಗಡಿನ ತಡೆ ಕೊಡಿ. ಆದರೂ 6 ಇಂಚಿಗಿಂತ ಹತ್ತಿರ ಬೇಡವೇ ಬೇಡ. ಸಿಮೆಂಟ್ ಪೈಪಿನಲ್ಲಿ ಆಸ್ಬೆಸ್ಟಾಸ್ ಇದ್ದರೆ ಅದಕ್ಕೆ ಗರಗಸ ಹಾಕಬಾರದು. ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಕತ್ತರಿಸದೆ ಹೊಂದುವ ಉದ್ದದ್ದನ್ನೇ ತನ್ನಿ.

ಹಂಚಿನಮನೆ:
ಪೈಪಿನೊಳಗೆ ಮಸಿ ಕಾಲು ಇಂಚಿಗೂ ಹೆಚ್ಚು, ಹೊಳೆಯುತ್ತಿದೆ. ತೆಗೆಯುವುದು ಹೇಗೆ? ಬೆಂಕಿ ಹಿಡಿಯಬಹುದಾ?

ಮೂರುಪಾತ್ರೆ:
ಹಿಡಿಯಬಹುದು. ಪುಡಿ ಮಸಿಗಿಂತ ಹೊಳೆಯುವ ಪದರ ಅಪಾಯ. ಅದು ಗಟ್ಟಿಯಾದ ಡಾಂಬರು. ತೆಗೆಯುವ ತನಕ ಜೋರಾಗಿ ಉರಿಸಬೇಡಿ. ಉದ್ದನೆಯ ಅಡಿಕೆ ದಬ್ಬೆಯ ತುದಿಗೆ 4 ಇಂಚಿನ ತಂತಿ ಬ್ರಷ್ ಬಿಗಿದು ಮೇಲಿನಿಂದ ಉಜ್ಜಿ. ಒಲೆಯ ಬಾಯಿಗೆ, ತೂತುಗಳಿಗೆ ಒದ್ದೆ ಗೋಣಿ ಹಾಕಿರಿ. ಬ್ರಷ್‌ಗೆ ಬಾರದ ಗಟ್ಟಿ ಪದರ ಇದ್ದರೆ ಆ ತುಂಡು ಪೈಪನ್ನೇ ಬದಲಿಸಿ, ಬಡಿದರೆ ಒಡೆಯುತ್ತದೆ. ಇನ್ನು ಮುಂದೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಉಜ್ಜಿದರೆ ಈ ಸ್ಥಿತಿ ಬರುವುದಿಲ್ಲ.

ಪೈಪಿನೊಳಗೆ ಭೋರೆಂಬ ಸದ್ದು, ತುದಿಯಲ್ಲಿ ಕಿಡಿ ಕಂಡರೆ ಬೂದಿ ಬಾಯಿ, ಸೌದೆ ಬಾಯಿ ಎರಡನ್ನೂ ಒದ್ದೆ ಗೋಣಿಯಿಂದ ಮುಚ್ಚಿ ಗಾಳಿ ನಿಲ್ಲಿಸಿ. ಪೈಪಿಗೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಹಂಚಿನಮನೆ:
ಕೊನೆಯದಾಗಿ, ಮೊದಲ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಇದೆ. ಸಿಮೆಂಟ್ ಹಚ್ಚಬಹುದಾ?

ಮಣ್ಣೊಲೆ:
ಬೇಡ, ಆ ಬಿಸಿಗೆ ಸಿಮೆಂಟ್ ಪುಡಿಯಾಗುತ್ತದೆ. ಹುತ್ತದ ಮಣ್ಣು ಎರಡು ಪಾಲು, ಜರಡಿ ಹಿಡಿದ ಮರಳು ಒಂದು ಪಾಲು, ಒಂದು ಹಿಡಿ ಭತ್ತದ ಹೊಟ್ಟು, ಸ್ವಲ್ಪ ಸೆಗಣಿ ಸೇರಿಸಿ ಕಲಸಿ ಒಂದು ದಿನ ಕೊಳೆಯಿಡಿ. ನಿಂಬೆಗಾತ್ರದ ಉಂಡೆ ಒಣಗಿಸಿ ನೋಡಿ: ಬಿರಿದರೆ ಮರಳು ಹೆಚ್ಚಿಸಿ, ಉದುರಿದರೆ ಮಣ್ಣು. ಬಿರುಕನ್ನು ಚಾಕುವಿನಿಂದ ಅಗಲ ಮಾಡಿ, ನೀರು ಚಿಮುಕಿಸಿ, ಆಮೇಲೆ ಒತ್ತಿ ತುಂಬಿ. ಎರಡು ದಿನ ನೆರಳಲ್ಲಿ ಆರಲಿ, ಮೂರನೇ ದಿನ ಗರಿಯ ಸಣ್ಣ ಉರಿ ಕೊಡಿ. ಪಾತ್ರೆಯ ತಳಕ್ಕೆ ಒದ್ದೆ ಬೂದಿ ಸವರಿ, ಮೆತ್ತಿದ ಮಣ್ಣು ಹಸಿ ಇರುವಾಗಲೇ ಒಮ್ಮೆ ಕೂರಿಸಿ ತಿರುಗಿಸಿ ತೆಗೆಯಿರಿ. ತೂತಿನ ಅಂಚು ಪಾತ್ರೆಯ ಆಕಾರಕ್ಕೇ ಕೂರುತ್ತದೆ, ಸುತ್ತಲಿಂದ ಹೊಗೆ ಸೋರುವುದಿಲ್ಲ.