ಇಂಗ್ಲಿಷ್‌ನಲ್ಲಿ ‘ಇದೋ ಅದೋ’ ಅನ್ನುವುದನ್ನು ಯಾವ ಕ್ರಮದಲ್ಲಿ ಕಲಿಸಬೇಕು?

ಹೊಂಗೆಮರ ಕೇಳಿದ್ದು:

ಕನ್ನಡ ಮಾಧ್ಯಮದಲ್ಲಿ ಓದಿ ಹೋಟೆಲ್ ರಿಸೆಪ್ಷನ್, ಆಸ್ಪತ್ರೆ ಕೌಂಟರ್, ಕಾಲ್ ಸೆಂಟರ್ ಕೆಲಸಕ್ಕೆ ಸೇರುವವರಿಗಾಗಿ ಮಾತಿನ ಇಂಗ್ಲಿಷ್ ಪಾಠ ಸಿದ್ಧಪಡಿಸುತ್ತಿದ್ದೇನೆ. ಎರಡರಲ್ಲಿ ಒಂದನ್ನು ಆರಿಸುವ ಮಾತುಗಳ ಪಾಠ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ವ್ಯಾಕರಣ ಪುಸ್ತಕಗಳು ‘ಈದರ್–ಆರ್, ನೀದರ್–ನಾರ್’ ಪಟ್ಟಿ ಕೊಟ್ಟು ಮುಗಿಸುತ್ತವೆ. ಕೌಂಟರ್‌ನಲ್ಲಿ ಕೇಳಿಬರುವ ತಪ್ಪುಗಳೇ ಬೇರೆ: “ಟೂ ತ್ರೀ ಡೇಸ್ ವಿಲ್ ಟೇಕ್”, “ಐ ಡೋಂಟ್ ನೋ ಹಿ ವಿಲ್ ಕಮ್ ಆರ್ ನಾಟ್”, “ಐ ಡೋಂಟ್ ವಾಂಟ್ ಟೀ ಅಂಡ್ ಕಾಫಿ”, “ಬೋತ್ ಓಕೆ”. ಈ ತಪ್ಪುಗಳ ಮೂಲ ಏನು? ಯಾವುದನ್ನು ಮೊದಲು ತಿದ್ದಬೇಕು?

ಗೊಂದಲವಾಗದಿರಲಿ ಅಂತ ಒಂದು ಮಾತು: ಇಲ್ಲಿ ‘ಆರ್’ ಅಂತ ಬರೆದಿರುವುದೆಲ್ಲ ‘ಅಥವಾ’ ಅರ್ಥದ್ದು.

ಅರಳಿಕಟ್ಟೆ ಉತ್ತರ:

ನೀವು ಕೊಟ್ಟ ನಾಲ್ಕೂ ವಾಕ್ಯಗಳ ಮೂಲ ಕನ್ನಡದಲ್ಲೇ ಇದೆ. ಹಾಗಾಗಿ ಪಾಠವನ್ನೂ ಅಲ್ಲಿಂದಲೇ ಶುರು ಮಾಡಿ. ನಾವು ‘ಅಥವಾ’ ಅನ್ನುವ ಪದವನ್ನು ಮಾತಿನಲ್ಲಿ ಬಳಸುವುದು ಕಡಿಮೆ. ಆ ಕೆಲಸವನ್ನೆಲ್ಲ ಪದದ ಕೊನೆಯ ಸ್ವರವೇ ಮಾಡಿಬಿಡುತ್ತದೆ. “ಕಾಫಿನಾ, ಟೀನಾ?” ಅಂದರೆ ಒಂದನ್ನು ಆರಿಸಿ ಎಂದು. “ಕಾಫಿನೋ ಟೀನೋ ಏನಾದ್ರೂ ತಗೋತೀರಾ?” ಅಂದರೆ ಕುಡಿಯಲು ಏನಾದರೂ ಬೇಕೇ ಎಂದಷ್ಟೇ. “ಬರ್ತಾನೋ ಇಲ್ವೋ ಗೊತ್ತಿಲ್ಲ” ಅನ್ನುವುದು ಸಂಶಯ. “ಮಳೆ ಬರಲಿ ಬಿಡಲಿ ಹೊರಡ್ತೀವಿ” ಅಂದರೆ ಎರಡರಲ್ಲಿ ಏನಾದರೂ ಲೆಕ್ಕಕ್ಕಿಲ್ಲ. “ಒಂದೋ ನೀನು ಬಾ, ಇಲ್ಲಾ ತಮ್ಮನ್ನ ಕಳಿಸು” ಅಂದಾಗ ಮೂರನೆಯ ದಾರಿಯನ್ನೇ ಮುಚ್ಚುತ್ತೇವೆ. ಇವೆಲ್ಲಕ್ಕೂ ಇಂಗ್ಲಿಷ್‌ನಲ್ಲಿ ಇರುವುದು ಒಂದೇ ‘ಆರ್’. ಉಳಿದ ವ್ಯತ್ಯಾಸವನ್ನು ತೋರಿಸುವುದು ದನಿಯ ಏರಿಳಿತ, ಇಲ್ಲವೇ ‘ಆರ್’ಗಿಂತ ಮೊದಲು ಬರುವ ‘ವೆದರ್’ ಅಥವಾ ‘ಈದರ್’.

ಈಗ ಒಂದೊಂದಾಗಿ ನೋಡೋಣ. ಎರಡ್ಮೂರು, ಐದಾರು, ಹತ್ತು ಹದಿನೈದು ಅಂತ ನಾವು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ‘ಸುಮಾರು’ ಎಂಬ ಅರ್ಥ ಬಂದುಬಿಡುತ್ತದೆ. ಇಂಗ್ಲಿಷ್‌ನಲ್ಲಿ ನಡುವೆ ‘ಆರ್’ ಬೇಕೇ ಬೇಕು. ಫೋನಿನಲ್ಲಂತೂ “ಫೈವ್ ಸಿಕ್ಸ್ ಪೀಪಲ್” ಅಂದರೆ ಆ ಕಡೆಯವರು ಐವತ್ತಾರು ಅಂದುಕೊಂಡು ಬರೆದುಕೊಳ್ಳಬಹುದು. “ಫೈವ್ ಆರ್ ಸಿಕ್ಸ್ ಪೀಪಲ್” ಅನ್ನಬೇಕು. ನಡುವಿನ ‘ಆರ್’ ಪೂರ್ತಿ ಉಚ್ಚಾರವಾಗುವುದಿಲ್ಲ, ‘ಟೂರ ತ್ರೀ’ ಅನ್ನುವಷ್ಟು ಹಗುರ. ನಮ್ಮವರಿಗೆ ಅದು ಕೇಳಿಸದೇ ಹೋಗುವುದಕ್ಕೆ ಇದೂ ಒಂದು ಕಾರಣ. ‘ಒಂದೆರಡು ದಿನ’ಕ್ಕೆ “ಎ ಡೇ ಆರ್ ಟೂ” ಅನ್ನುವುದು ರೂಢಿ. ಹತ್ತು ಹದಿನೈದು ನಿಮಿಷಕ್ಕೆ “ಟೆನ್ ಟು ಫಿಫ್ಟೀನ್ ಮಿನಿಟ್ಸ್” ಕೂಡ ಸರಿ.

“ಟೀ ಅಂಡ್ ಕಾಫಿ”ಗೆ ಕಾರಣ ನಮ್ಮ ‘ಊ’. “ಟೀನೂ ಬೇಡ, ಕಾಫಿನೂ ಬೇಡ” ಅನ್ನುವ ಬಾಯಿಗೆ ‘ಅಂಡ್’ ತಾನಾಗಿ ಬರುತ್ತದೆ. ಆದರೆ “ಐ ಡೋಂಟ್ ವಾಂಟ್ ಟೀ ಅಂಡ್ ಕಾಫಿ” ಕೇಳಿದವರಿಗೆ, ಎರಡೂ ಒಟ್ಟಿಗೆ ಬೇಡ, ಒಂದಾದರೆ ಆದೀತು ಎಂದು ಅನಿಸಬಹುದು. ಕ್ರಿಯಾಪದಕ್ಕೆ ‘ನಾಟ್’ ಸೇರಿದ ಮೇಲೆ ಎರಡನ್ನೂ ನಿರಾಕರಿಸುವುದು ‘ಆರ್’: “ಐ ಡೋಂಟ್ ವಾಂಟ್ ಟೀ ಆರ್ ಕಾಫಿ.” ಅದೇ ‘ಊ’ ಇನ್ನೊಂದು ಕಡೆಯೂ ಕಾಡುತ್ತದೆ. “ನನಗೂ ಬೇಡ” ಅನ್ನುವುದು “ಐ ಆಲ್ಸೋ ಡೋಂಟ್ ವಾಂಟ್” ಆಗುತ್ತದೆ. ಸಹಜವಾದದ್ದು “ಐ ಡೋಂಟ್ ವಾಂಟ್ ಇಟ್ ಈದರ್.” ‘ನೀದರ್–ನಾರ್’ ಸದ್ಯಕ್ಕೆ ಬದಿಗಿಡಿ. ದಿನಬಳಕೆಯ ಮಾತಿನಲ್ಲಿ ಅದು ಅಪರೂಪ, ಬರವಣಿಗೆಯಲ್ಲೇ ಹೆಚ್ಚು. ಅದನ್ನು ಮೊದಲೇ ಕಲಿಸಿದರೆ “ಐ ಡೋಂಟ್ ವಾಂಟ್ ನೀದರ್” ಅಂತ ಎರಡು ಸಲ ನಿರಾಕರಿಸುವ ಹೊಸ ತಪ್ಪು ಹುಟ್ಟಿಕೊಳ್ಳುತ್ತದೆ.

“ಬೋತ್ ಓಕೆ” ಕೂಡ ‘ಎರಡೂ ಆಗುತ್ತೆ’ ಅನ್ನುವುದರ ನೆರಳೇ. ಸೋಮವಾರವೋ ಮಂಗಳವಾರವೋ ಎಂದು ಕೇಳಿದಾಗ ಹೀಗಂದರೆ ಎರಡು ದಿನವೂ ಬರುತ್ತಾರೇನೋ ಅನಿಸುತ್ತದೆ. “ಈದರ್ ಈಸ್ ಫೈನ್” ಅಥವಾ “ಈದರ್ ಡೇ ವರ್ಕ್ಸ್” ಅನ್ನುವುದನ್ನು ಬಾಯಿಪಾಠ ಮಾಡಿಸಿ. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದರೆ ‘ಎನಿ’: “ಎನಿ ಆಫ್ ದೆಮ್ ಈಸ್ ಫೈನ್.”

ದಾರಿದೀಪ ಉತ್ತರ:

ಅರಳಿಕಟ್ಟೆಯವರು ದನಿಯ ವಿಷಯ ಹೇಳಿ ಮುಂದೆ ಹೋಗಿಬಿಟ್ಟರು. ಕೌಂಟರ್ ಕೆಲಸದವರಿಗೆ ಮೊದಲ ಪಾಠ ಅದೇ ಆಗಬೇಕು.

“ವುಡ್ ಯು ಲೈಕ್ ಟೀ ಆರ್ ಕಾಫಿ?” ಈ ವಾಕ್ಯದಲ್ಲಿ ‘ಟೀ’ ಮೇಲೆ ದನಿ ಏರಿಸಿ, ‘ಕಾಫಿ’ ಮೇಲೆ ಇಳಿಸಿದರೆ ಅದು ನಮ್ಮ “ಟೀನಾ, ಕಾಫಿನಾ?” ಇರುವುದು ಎರಡೇ, ಒಂದನ್ನು ಹೇಳಿ ಎಂದರ್ಥ. ‘ಕಾಫಿ’ ಮೇಲೂ ದನಿ ಏರಿದರೆ ಅದು “ಟೀನೋ ಕಾಫಿನೋ ಏನಾದ್ರೂ ಬೇಕಾ?” ಆಗುತ್ತದೆ. ಆಗ “ಎಸ್ ಪ್ಲೀಸ್” ಅನ್ನಬಹುದು, “ನೋ ಥ್ಯಾಂಕ್ಸ್” ಅನ್ನಬಹುದು, “ಜಸ್ಟ್ ವಾಟರ್” ಅಂತಲೂ ಕೇಳಬಹುದು. ಕನ್ನಡದಲ್ಲಿ ಪ್ರಶ್ನೆಯ ಗುರುತು ಪದದ ಕೊನೆಯ ‘ಆ’ದಲ್ಲೇ ಇರುವುದರಿಂದ ದನಿಯ ಕಡೆ ನಾವು ಅಷ್ಟು ಗಮನ ಕೊಡುವುದಿಲ್ಲ. ಹೀಗಾಗಿ ಇಳಿಯಬೇಕಾದ ಕಡೆ ಏರಿಸುತ್ತೇವೆ. ಎದುರಿನವರು “ಎಸ್” ಅನ್ನುತ್ತಾರೆ, ನಾವು ಪೇಚಿಗೆ ಸಿಗುತ್ತೇವೆ.

ಅಭ್ಯಾಸಕ್ಕೆ ಎರಡೇ ಪದಗಳ ಜೋಡಿಗಳು ಸಾಕು: “ಕ್ಯಾಶ್ ಆರ್ ಕಾರ್ಡ್?”, “ಸಿಂಗಲ್ ಆರ್ ಡಬಲ್?”, “ಬಿಫೋರ್ ಆರ್ ಆಫ್ಟರ್ ಫುಡ್?” ಒಂದೊಂದನ್ನೂ ಕೈ ಮೇಲೆತ್ತಿ ಕೆಳಗಿಳಿಸುತ್ತಾ ಹತ್ತು ಸಲ ಹೇಳಿಸಿ. ಆಮೇಲೆ ಅದೇ ದನಿಯನ್ನು ಪೂರ್ತಿ ವಾಕ್ಯಕ್ಕೆ ಹಚ್ಚಿ. “ಬಿಫೋರ್ ಆರ್ ಆಫ್ಟರ್ ಫುಡ್?” ಎಂಬುದಕ್ಕೂ ಯಾರಾದರೂ “ಎಸ್” ಅಂದರೆ ಅದೇ ವಾಕ್ಯವನ್ನು ಜೋರಾಗಿ ಮತ್ತೆ ಹೇಳಿ ಪ್ರಯೋಜನವಿಲ್ಲ. “ಬಿಫೋರ್ ಫುಡ್?” ಎಂದು ಒಂದನ್ನೇ ಕೇಳಿ, ಉತ್ತರ ಪಡೆದು ಮುಂದುವರಿಯಬೇಕು. ಔಷಧಿ ವಿಷಯದಲ್ಲಿ ‘ಆರ್’ ಒಂದನ್ನೇ ನಂಬಬೇಡಿ. ಮಾತ್ರೆ ಅಥವಾ ಸಿರಪ್, ಎರಡರಲ್ಲಿ ಒಂದೇ ತೆಗೆದುಕೊಳ್ಳಬೇಕು ಅಂತಿದ್ದರೆ “ದ ಟ್ಯಾಬ್ಲೆಟ್ ಆರ್ ದ ಸಿರಪ್, ನಾಟ್ ಬೋತ್” ಎಂದು ಬಿಡಿಸಿಯೇ ಹೇಳಬೇಕು. ‘ಆರ್’ ಎಷ್ಟೋ ಸಲ ‘ಇದು, ಅದು, ಅಥವಾ ಎರಡೂ’ ಅನ್ನುವ ಅರ್ಥವನ್ನೂ ಕೊಡುತ್ತದೆ.

ಇನ್ನೊಂದು ಮರ್ಯಾದೆಯ ವಿಷಯ. “ಬರ್ತೀರಾ, ಇಲ್ವಾ?” ಅನ್ನುವುದು ನಮ್ಮಲ್ಲಿ ಮಾಮೂಲಿ ಪ್ರಶ್ನೆಯಾಗಬಹುದು. “ವಿಲ್ ಯು ಕಮ್ ಆರ್ ನಾಟ್?” ಅನ್ನುವುದರಲ್ಲಿ ಮಾತ್ರ ಸಿಡುಕು ಕೇಳಿಸುತ್ತದೆ. ಗ್ರಾಹಕರಿಗೆ ಅದನ್ನು ಹೇಳಲೇಬಾರದು. “ಕುಡ್ ಯು ಲೆಟ್ ಮಿ ನೋ ವೆದರ್ ಯು ಕ್ಯಾನ್ ಕಮ್?” ಅನ್ನಿ. ಹಾಗೆಯೇ ‘ಇಲ್ಲಾಂದ್ರೆ ಮಂಗಳವಾರ’ ಅನ್ನುವುದಕ್ಕೆ “ಆರ್ ಎಲ್ಸ್ ಟ್ಯೂಸ್‌ಡೇ” ಬೇಡ, ‘ಆರ್ ಎಲ್ಸ್’ ಹಲವು ಕಡೆ ಬೆದರಿಕೆಯಂತೆ ಕೇಳುತ್ತದೆ. “ಆರ್ ವಿ ಕುಡ್ ಡು ಟ್ಯೂಸ್‌ಡೇ” ಸಾಕು.

ಹೊಂಗೆಮರ:

ಇಬ್ಬರಿಗೂ ಧನ್ಯವಾದ. ‘ಊ’ ಇಷ್ಟು ಕಡೆ ಕೈಯಾಡಿಸಿರುವುದು ಹೊಳೆದಿರಲಿಲ್ಲ. ಇನ್ನೆರಡು ಉಳಿದಿವೆ. ‘ಈದರ್–ಆರ್’ ಜೋಡಿ ಮಾತಿನಲ್ಲಿ ನಿಜಕ್ಕೂ ಎಲ್ಲಿ ಬೇಕು? ‘ಅದಕ್ಕಿಂತ ಇದೇ ವಾಸಿ’ ಅನ್ನುವುದನ್ನು ಹೇಗೆ ಹೇಳಿಸಲಿ? “ಐ ಪ್ರಿಫರ್ ಟೀ ದ್ಯಾನ್ ಕಾಫಿ” ಅನ್ನುವವರೇ ಎಲ್ಲರೂ.

ತುಂಗಾತೀರ ಉತ್ತರ:

‘ಈದರ್’ ಬೇಕಾಗುವುದು ಅರಳಿಕಟ್ಟೆಯವರು ಮೇಲೆ ಹೇಳಿದ ‘ಒಂದೋ… ಇಲ್ಲಾ’ ಜಾಗದಲ್ಲಿ, ಅಂದರೆ ಇವೆರಡೇ ದಾರಿ ಎಂದು ಒತ್ತಿ ಹೇಳಬೇಕಾದಾಗ. “ಯು ಕ್ಯಾನ್ ಈದರ್ ವೆಯ್ಟ್ ಹಿಯರ್ ಆರ್ ಕಮ್ ಬ್ಯಾಕ್ ಅಟ್ ಫೋರ್.” ಒತ್ತು ಬೇಡವಾದರೆ ‘ಈದರ್’ ತೆಗೆದುಹಾಕಿ, ವಾಕ್ಯ ಕೆಡುವುದಿಲ್ಲ. ಇಟ್ಟರೆ ಮಾತ್ರ ಜಾಗ ನೋಡಿ ಇಡಿ. ‘ಈದರ್’ ಆದಮೇಲೆ ಕ್ರಿಯಾಪದ ಬಂದರೆ ‘ಆರ್’ ಆದಮೇಲೂ ಕ್ರಿಯಾಪದ ಬರಬೇಕು, ನಾಮಪದ ಬಂದರೆ ನಾಮಪದ. “ಈದರ್ ಟೇಕ್ ದ ಬಸ್ ಆರ್ ದ ಟ್ರೈನ್” ಮಾತಿನಲ್ಲಿ ನಡೆಯುತ್ತದೆ, ಇಮೇಲ್‌ನಲ್ಲಿ “ಟೇಕ್ ಈದರ್ ದ ಬಸ್ ಆರ್ ದ ಟ್ರೈನ್” ಬರೆಯುವುದು ಒಳ್ಳೆಯದು. ಏಕವಚನ ಬಹುವಚನದ ಪ್ರಶ್ನೆ ಬಂದರೆ ಕ್ರಿಯಾಪದಕ್ಕೆ ಹತ್ತಿರ ಇರುವುದನ್ನು ನೋಡಿ: “ಈದರ್ ದ ಮ್ಯಾನೇಜರ್ ಆರ್ ದ ಕ್ಲರ್ಕ್ಸ್ ಹ್ಯಾವ್ ದ ಕೀ.” ತಿರುಗಿಸಿ ಹಾಕಿದರೆ “…ಆರ್ ದ ಮ್ಯಾನೇಜರ್ ಹ್ಯಾಸ್ ದ ಕೀ.”

ಒಂದು ಎಚ್ಚರಿಕೆ. “ಆನ್ ಈದರ್ ಸೈಡ್ ಆಫ್ ದ ರೋಡ್” ಅಂದರೆ ಸಾಮಾನ್ಯವಾಗಿ ರಸ್ತೆಯ ಎರಡೂ ಬದಿ. ‘ಈದರ್’ ಅಂದರೆ ಯಾವಾಗಲೂ ‘ಒಂದು ಮಾತ್ರ’ ಎಂದು ಕಲಿಸಿದರೆ ಇಲ್ಲಿ ಮುಗ್ಗರಿಸುತ್ತಾರೆ. ಉಚ್ಚಾರಕ್ಕೆ ತಲೆಕೆಡಿಸಿಕೊಳ್ಳಬೇಡಿ, ‘ಈದರ್’ ಅಮೆರಿಕದಲ್ಲಿ ಹೆಚ್ಚು, ‘ಐದರ್’ ಬ್ರಿಟನ್ನಿನಲ್ಲಿ ಹೆಚ್ಚು, ಎರಡೂ ಸರಿ.

‘ಪ್ರಿಫರ್’ ತಪ್ಪಿಗೆ ಕಾರಣ ನಮ್ಮ ‘ಗಿಂತ’. ‘ಕಾಫಿಗಿಂತ’ ಅನ್ನುವುದು ನೇರ ‘ದ್ಯಾನ್ ಕಾಫಿ’ ಆಗಿಬಿಡುತ್ತದೆ. ‘ಪ್ರಿಫರ್’ ಜೊತೆ ಎರಡು ವಸ್ತು ಬಂದಾಗ ನಡುವೆ ‘ಟು’ ಹಾಕಬೇಕು: “ಐ ಪ್ರಿಫರ್ ಟೀ ಟು ಕಾಫಿ.” ‘ಮೋರ್’ ಸೇರಿಸಬಾರದು, ಹೆಚ್ಚು ಎಂಬುದು ಆ ಪದದ ಒಳಗೇ ಇದೆ. ‘ದ್ಯಾನ್’ ಬಿಡಲಾರದವರಿಗೆ ‘ವುಡ್ ರಾದರ್’ ಕಲಿಸಿ, ಅವರ ಅಭ್ಯಾಸಕ್ಕೆ ಅದು ಹೊಂದುತ್ತದೆ: “ಐಡ್ ರಾದರ್ ವೆಯ್ಟ್ ದ್ಯಾನ್ ಕಮ್ ಬ್ಯಾಕ್ ಟುಮಾರೊ.” ಎರಡೂ ಕಡೆ ಬರಿಯ ಕ್ರಿಯಾಪದ, ‘ಟು’ ಇಲ್ಲ, ‘ಇಂಗ್’ ಇಲ್ಲ. ಬೇರೆಯವರು ಮಾಡಬೇಕಾದ ಕೆಲಸವಾದರೆ ಭೂತಕಾಲದ ರೂಪ ಬರುತ್ತದೆ: “ಐಡ್ ರಾದರ್ ಯು ಕೇಮ್ ಟುಮಾರೊ.” ಬರಬೇಕಾದದ್ದು ನಾಳೆಯೇ ಆದರೂ ‘ಕೇಮ್’. ಇದನ್ನು ಕೊನೆಯ ತರಗತಿಗೆ ಇಟ್ಟುಕೊಳ್ಳಿ.

ಅರಳಿಕಟ್ಟೆ:

‘ವೆದರ್’ ಪೂರ್ತಿ ಬಾಕಿ ಉಳಿಯಿತು. “ಐ ಡೋಂಟ್ ನೋ ಹಿ ವಿಲ್ ಕಮ್ ಆರ್ ನಾಟ್” ವಾಕ್ಯದಲ್ಲಿ ‘ಬರ್ತಾನೋ ಇಲ್ವೋ’ ಅನ್ನುವುದರ ಎರಡು ‘ಓ’ಗಳ ಪೈಕಿ ಎರಡನೆಯದು ಮಾತ್ರ ಇಂಗ್ಲಿಷ್‌ಗೆ ಬಂದಿದೆ. ಮೊದಲನೆಯ ‘ಓ’ ಇರುವ ಕಡೆ ‘ವೆದರ್’ ಇಡಿ: “ಐ ಡೋಂಟ್ ನೋ ವೆದರ್ ಹಿ ವಿಲ್ ಕಮ್ ಆರ್ ನಾಟ್.” ಕೊನೆಯ ‘ಆರ್ ನಾಟ್’ ಬಿಟ್ಟರೂ ನಡೆಯುತ್ತದೆ, ‘ವೆದರ್’ ಬಿಟ್ಟರೆ ನಡೆಯುವುದಿಲ್ಲ. ‘ವೆದರ್’ ಬಂದ ಮೇಲೆ ಪ್ರಶ್ನೆಯ ಪದಕ್ರಮವೂ ಬೇಡ, “ವೆದರ್ ದ ಡಾಕ್ಟರ್ ಈಸ್ ಇನ್” ಅಷ್ಟೇ.

ಮಾತಿನಲ್ಲಿ ಇದರ ಬದಲು ‘ಇಫ್’ ಕೂಡ ಬಳಕೆಯಲ್ಲಿದೆ, ಆದರೆ ಎಲ್ಲ ಕಡೆ ಅಲ್ಲ. ‘ಮಳೆ ಬರಲಿ ಬಿಡಲಿ’ ಮಾದರಿಗೆ ‘ವೆದರ್’ ಒಂದೇ: “ವೆದರ್ ಇಟ್ ರೇನ್ಸ್ ಆರ್ ನಾಟ್, ವಿ ಲೀವ್ ಅಟ್ ಸಿಕ್ಸ್.” ‘ಕಾಯಲೋ ಹೋಗಲೋ’ ಅನ್ನುವ ‘ವೆದರ್ ಟು ವೆಯ್ಟ್ ಆರ್ ಗೋ’ದಲ್ಲೂ ‘ಇಫ್’ ಕೂಡದು. ಬುಕಿಂಗ್ ಖಚಿತ ಮಾಡಿಕೊಳ್ಳುವಾಗಂತೂ ‘ವೆದರ್’ ಅನ್ನೇ ಹೇಳಿಸಿ. “ಲೆಟ್ ಮಿ ನೋ ಇಫ್ ಯು ನೀಡ್ ಎ ರೂಮ್” ಅಂದರೆ ರೂಮು ಬೇಡವಾದವರು ಉತ್ತರಿಸದೆ ಸುಮ್ಮನಿರಬಹುದು, ಅದು ಅವರ ತಪ್ಪಲ್ಲ. “ಲೆಟ್ ಮಿ ನೋ ವೆದರ್ ಯು ನೀಡ್ ಎ ರೂಮ್ ಆರ್ ನಾಟ್” ಅಂದರೆ ಬೇಕಾದರೂ ಬೇಡವಾದರೂ ತಿಳಿಸಿ ಎಂದು ಕೇಳಿದ ಹಾಗೆ.