ಟಿ-ಕೋಶಗಳೇ ಇಲ್ಲದಾಗ ಕ್ರಿಪ್ಟೋಸ್ಪೊರಿಡಿಯಂ ಅನ್ನು ಕರುಳು ಹೇಗೆ ತಡೆಯುತ್ತದೆ?

ಸ್ಲೈಡ್‌ಮಿತ್ರ (ಪ್ರಶ್ನೆ)

ಆರೋಗ್ಯವಂತರಲ್ಲಿ ಕ್ರಿಪ್ಟೋಸ್ಪೊರಿಡಿಯಂ (ಕರುಳಿನ ಏಕಕೋಶ ಪರಾವಲಂಬಿ) ತರುವ ಬೇಧಿ ಸಾಮಾನ್ಯವಾಗಿ ಎರಡು ವಾರದಲ್ಲಿ ತಾನೇ ನಿಲ್ಲುತ್ತದೆ. ಎಚ್‌ಐವಿ ಇದ್ದು ಸಿಡಿ4 (ಒಂದು ಬಗೆಯ ಟಿ-ಕೋಶ) ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ತಿಂಗಳುಗಟ್ಟಲೆ ಎಳೆಯುತ್ತದೆ. ಇದು ಟಿ-ಕೋಶಗಳ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ) ಲೆಕ್ಕ ಎಂದು ಪಠ್ಯಪುಸ್ತಕಗಳು ಮುಗಿಸಿಬಿಡುತ್ತವೆ. ಆದರೆ ಟಿ, ಬಿ ಕೋಶಗಳೆರಡೂ ಇಲ್ಲದ ಸ್ಕಿಡ್ ತಳಿಯ ಇಲಿಗಳಿಗೆ ಬೆಳೆದ ಮೇಲೆ ಸೋಂಕು ತಗುಲಿಸಿದರೆ ಮೊದಲ ಕೆಲವು ವಾರ ಅವು ತಡೆದುಕೊಳ್ಳುತ್ತವೆ, ಆಮೇಲೆ ಸೋಲುತ್ತವೆ. ಆ ತಡೆ ಎಲ್ಲಿಂದ ಬಂತು? ಯಾಕೆ ಸೋತಿತು?

ಜೊತೆಗೆ ಲ್ಯಾಬ್ ಪ್ರಶ್ನೆ: ಇಂಥ ರೋಗಿಗಳ ಮಲ ಪರೀಕ್ಷೆಯಲ್ಲಿ ಪದೇ ಪದೇ "ಏನೂ ಕಂಡುಬಂದಿಲ್ಲ" ಎಂದು ಬರುವುದೇಕೆ?

ಕರುಳಗೋಡೆ

ಮೊದಲು ಈ ಜೀವಿ ಕೂರುವ ಜಾಗ ನೋಡಿ. ಕರುಳಿನ ಹೊದಿಕೆಯ ಕೋಶವನ್ನು ಹೊಕ್ಕರೂ ಅದರ ಸೈಟೋಪ್ಲಾಸಂಗೆ ಇಳಿಯುವುದಿಲ್ಲ. ಕೋಶದ ನೆತ್ತಿಯಲ್ಲೇ, ಆ ಕೋಶದ ಪೊರೆಯನ್ನೇ ಮುಸುಕು ಹೊದ್ದು ಕೂರುತ್ತದೆ. ಕೆಳಪದರದಲ್ಲಿರುವ ಮ್ಯಾಕ್ರೋಫೇಜ್‌ಗಳ (ಸೂಕ್ಷ್ಮಜೀವಿ ನುಂಗುವ ಕೋಶಗಳ) ಕೈಗೆ ಅದು ಸಿಗದು. ಹಾಗಾಗಿ ಕಾದಾಡಬೇಕಾದದ್ದು ಹೊದಿಕೆಯ ಕೋಶವೇ.

ಇಲಿಗಳಲ್ಲಿ ತಿಳಿದಿರುವ ಸರಪಳಿ ಹೀಗಿದೆ. ಸೋಂಕಿತ ಕೋಶದಲ್ಲಿ ಎನ್‌ಎಲ್‌ಆರ್‌ಪಿ6 ಎಂಬ ಇನ್‌ಫ್ಲಮಸೋಮ್ (ಅಪಾಯ ಗುರುತಿಸುವ ಪ್ರೋಟೀನ್ ಗುಂಪು) ಎಚ್ಚೆತ್ತು, ಕ್ಯಾಸ್ಪೇಸ್-1 ಎಂಬ ಕಿಣ್ವದ ಮೂಲಕ ಇಂಟರ್‌ಲ್ಯೂಕಿನ್-18 ಎಂಬ ಸಂಕೇತ ಪ್ರೋಟೀನ್ ಹೊರಬರುತ್ತದೆ. ಅತ್ತ ಡೆಂಡ್ರೈಟಿಕ್ ಕೋಶಗಳು ಇಂಟರ್‌ಲ್ಯೂಕಿನ್-12 ಕೊಡುತ್ತವೆ. ಇವೆರಡೂ ಸೇರಿ ಎನ್‌ಕೆ ಕೋಶ ಮತ್ತು ಐಎಲ್‌ಸಿ1 ಕೋಶಗಳನ್ನು (ಎರಡೂ ಸಹಜ ರೋಗನಿರೋಧಕತೆಯ ಕೋಶಗಳು) ಬಡಿದೆಬ್ಬಿಸುತ್ತವೆ, ಅವು ಇಂಟರ್‌ಫೆರಾನ್ ಗಾಮಾ ಎಂಬ ಇನ್ನೊಂದು ಸಂಕೇತ ಪ್ರೋಟೀನ್ ಸುರಿಸುತ್ತವೆ. ಅದು ಮರಳಿ ಹೊದಿಕೆಯ ಕೋಶಕ್ಕೇ ಬಂದು ಸ್ಟ್ಯಾಟ್1 ಎಂಬ ಪ್ರೋಟೀನ್‌ನ ದಾರಿಯಿಂದ ಪರಾವಲಂಬಿಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಇದಕ್ಕೂ ಮೊದಲೇ ಹೊದಿಕೆಯ ಕೋಶಗಳಿಂದ ಇಂಟರ್‌ಫೆರಾನ್ ಲ್ಯಾಂಬ್ಡಾ ಬರುತ್ತದೆ. ಅದಕ್ಕೆ ಟಿಎಲ್‌ಆರ್3 ಎಂಬ ಗ್ರಾಹಕ ಬೇಕು.

ಈ ಸರಪಳಿಯಲ್ಲಿ ಎಲ್ಲೂ ಟಿ-ಕೋಶ ಇಲ್ಲ, ನಿಮ್ಮ ಸ್ಕಿಡ್ ಇಲಿ ತಡೆದದ್ದು ಇದರಿಂದಲೇ. ಅದೇ ಇಲಿಗೆ ಇಂಟರ್‌ಫೆರಾನ್ ಗಾಮಾ ವಿರುದ್ಧದ ಆಂಟಿಬಾಡಿ ಕೊಟ್ಟರೆ ಊಸಿಸ್ಟ್‌ಗಳು (ಸೋಂಕು ಹರಡುವ, ಗೋಡೆಯುಳ್ಳ ಮೊಟ್ಟೆಯಂಥ ರೂಪ) ಮಲದಲ್ಲಿ ಬೇಗ, ಬಹಳ ಹೆಚ್ಚು ಬೀಳತೊಡಗುತ್ತವೆ. ಎನ್‌ಕೆ ಮತ್ತು ಐಎಲ್‌ಸಿ ಕೂಡ ಇಲ್ಲದ ತಳಿಗಳ ಸ್ಥಿತಿ ಇನ್ನೂ ಕಷ್ಟ.

ಸೋಲುವುದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಪರಾವಲಂಬಿಯ ಜೀವನಚಕ್ರ. ಮೂರು ಸುತ್ತು ನಿರ್ಲಿಂಗ ವಿಭಜನೆ, ಆಮೇಲೆ ಲಿಂಗ ಹಂತ, ಊಸಿಸ್ಟ್. ಅವುಗಳಲ್ಲಿ ದಪ್ಪಗೋಡೆಯವು ಮಲದೊಡನೆ ಹೊರಬೀಳುತ್ತವೆ, ತೆಳುಗೋಡೆಯವು ಅದೇ ಕರುಳಿನಲ್ಲಿ ಒಡೆದು ಹೊಸ ಕೋಶ ಹಿಡಿಯುತ್ತವೆ. ಹೊರಗಿನಿಂದ ಒಂದೂ ಹೊಸದಾಗಿ ಬರದಿದ್ದರೂ ಸೋಂಕು ತನ್ನನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಸಹಜ ರೋಗನಿರೋಧಕತೆ ಸಂಖ್ಯೆಯನ್ನು ಹಿಡಿದಿಡಬಲ್ಲದು. ಬುಡಸಹಿತ ಕಿತ್ತುಹಾಕಲು ಟಿ-ಕೋಶವೇ ಬೇಕು.

ಇದನ್ನು ಹುಳುಗಳಿಗೆ ಅನ್ವಯಿಸಬೇಡಿ. ಅಲ್ಲಿ ಟಫ್ಟ್ ಕೋಶ, ಇಂಟರ್‌ಲ್ಯೂಕಿನ್-25, ಐಎಲ್‌ಸಿ2, ಇಂಟರ್‌ಲ್ಯೂಕಿನ್-13 ಎಂಬ ಬೇರೆಯೇ ಪಡೆ ಕೆಲಸ ಮಾಡುತ್ತದೆ.

ಬಣ್ಣದ ಬಾಟಲಿ

ಲ್ಯಾಬ್ ಪ್ರಶ್ನೆಗೆ ನಾನು. ಸಲೈನ್, ಅಯೋಡಿನ್ ಹನಿ ಹಾಕಿ ನೋಡುವ ಮಾಮೂಲಿ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ. ಊಸಿಸ್ಟ್ 4ರಿಂದ 6 ಮೈಕ್ರಾನ್, ಯೀಸ್ಟ್‌ನಷ್ಟೇ. ಚೀಟಿಯಲ್ಲಿ "ಕ್ರಿಪ್ಟೋಸ್ಪೊರಿಡಿಯಂಗೆ ಆಸಿಡ್ ಫಾಸ್ಟ್" ಎಂದು ಬರೆದು ಕಳಿಸದಿದ್ದರೆ ಎಷ್ಟೋ ಕಡೆ ಆ ಬಣ್ಣವನ್ನೇ ಹಾಕುವುದಿಲ್ಲ.

ಮಾರ್ಪಡಿಸಿದ ಜೀಲ್-ನೀಲ್ಸನ್ (ಇದೇ ಆ ಆಸಿಡ್ ಫಾಸ್ಟ್ ಬಣ್ಣ ಹಾಕುವ ವಿಧಾನ): ತೆಳು ಸ್ಮಿಯರ್ ಗಾಳಿಗೆ ಒಣಗಿಸಿ, ಮೆಥನಾಲ್‌ನಲ್ಲಿ 3 ನಿಮಿಷ. ಕಾರ್ಬಾಲ್ ಫುಕ್ಸಿನ್ 15 ನಿಮಿಷ, ಬಿಸಿ ಮಾಡಬೇಡಿ. ನೀರಲ್ಲಿ ತೊಳೆದು 1% ಆಸಿಡ್ ಮೆಥನಾಲ್ 10ರಿಂದ 15 ಸೆಕೆಂಡು ಮಾತ್ರ. ಮತ್ತೆ ತೊಳೆದು 0.4% ಮಲಾಕೈಟ್ ಗ್ರೀನ್ 30 ಸೆಕೆಂಡು. ಆಯಿಲ್ ಇಮ್ಮರ್ಶನ್‌ನಲ್ಲಿ ಖಚಿತಪಡಿಸಿ. ಹಸಿರು ಹಿನ್ನೆಲೆಯಲ್ಲಿ ಗುಲಾಬಿ-ಕೆಂಪು ಗುಂಡು, ಒಳಗೆ ಕಾಳುಕಾಳಾಗಿ ಗಾಢ ಚುಕ್ಕಿ. ಯೀಸ್ಟ್ ಹಸಿರಾಗುತ್ತದೆ.

ಎಡವುವುದು ಎರಡು ಕಡೆ. ಸ್ಮಿಯರ್ ದಪ್ಪವಾದರೆ ಕೆಂಪು ಉಳಿದು ಎಲ್ಲವೂ ಊಸಿಸ್ಟ್‌ನಂತೆ ಕಾಣುತ್ತದೆ, ಆಗ ಆಸಿಡ್ ಹೆಚ್ಚು ಹೊತ್ತು ಬಿಟ್ಟರೆ ನಿಜವಾದ ಊಸಿಸ್ಟ್‌ಗಳೂ ಬಣ್ಣ ಕಳೆದುಕೊಳ್ಳುತ್ತವೆ. ಮತ್ತೆ, ನೀರುಬೇಧಿಯಲ್ಲಿ ಕಣಗಳು ಚದುರಿರುತ್ತವೆ. ಸಾಂದ್ರಗೊಳಿಸುವಾಗ ಸೆಂಟ್ರಿಫ್ಯೂಜ್‌ನಲ್ಲಿ 500 ಜಿ (ಗುರುತ್ವದ 500 ಪಟ್ಟು) ಬಲದಲ್ಲಿ 10 ನಿಮಿಷ ತಿರುಗಿಸಿ. ಕಡಿಮೆ ತಿರುಗಿಸಿದರೆ ಇಷ್ಟು ಸಣ್ಣವು ತಳಕ್ಕೆ ಇಳಿಯದೆ, ಚೆಲ್ಲುವ ನೀರಿನೊಡನೆ ಹೋಗಿಬಿಡುತ್ತವೆ. ಬೇರೆ ಬೇರೆ ದಿನದ ಮೂರು ಮಾದರಿ ಕೇಳಿ.

ಅಳತೆ ಪಟ್ಟಿ ಇಲ್ಲದೆ ವರದಿ ಬರೆಯಬೇಡಿ. 8ರಿಂದ 10 ಮೈಕ್ರಾನ್ ಗುಂಡಾದರೆ ಸೈಕ್ಲೊಸ್ಪೊರಾ, 20 ದಾಟಿ ಉದ್ದವಾಗಿದ್ದರೆ ಸಿಸ್ಟೊಐಸೊಸ್ಪೊರಾ. ಆ ಎರಡು ಪರಾವಲಂಬಿಗಳಿಗೂ ಕೋಟ್ರೈಮಾಕ್ಸಜೋಲ್ ಕೆಲಸ ಮಾಡುತ್ತದೆ, ಕ್ರಿಪ್ಟೋಸ್ಪೊರಿಡಿಯಂಗೆ ಮಾಡುವುದಿಲ್ಲ.

ವಾರ್ಡ್ ಸುತ್ತು

ಚಿಕಿತ್ಸೆಯಲ್ಲೂ "ಕರುಳಗೋಡೆ" ಅವರು ಹೇಳಿದ್ದೇ ಕಾಣುತ್ತದೆ. ನಿಟಾಜೊಕ್ಸನೈಡ್ ಅನ್ನು ದೊಡ್ಡವರಿಗೆ 500 ಮಿ.ಗ್ರಾಂ. ದಿನಕ್ಕೆರಡು ಬಾರಿ, 3 ದಿನ, ಊಟದ ಜೊತೆ ಕೊಡುತ್ತಾರೆ. ರೋಗನಿರೋಧಕ ಶಕ್ತಿ ಸರಿಯಿದ್ದವರಿಗೆ ಗುಣ ಕೊಡುತ್ತದೆ. ಜಾಂಬಿಯಾದಲ್ಲಿ ಮಕ್ಕಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಚ್‌ಐವಿ ಇಲ್ಲದ ಮಕ್ಕಳು ಸುಧಾರಿಸಿದರು, ಎಚ್‌ಐವಿ ಇದ್ದ ಮಕ್ಕಳಲ್ಲಿ ಔಷಧಕ್ಕೂ ಪ್ಲಸೀಬೊಗೂ (ಹುಸಿ ಮದ್ದಿಗೂ) ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಎಚ್‌ಐವಿಯಲ್ಲಿ ಮುಖ್ಯ ಔಷಧ ಎಆರ್‌ಟಿ (ಎಚ್‌ಐವಿ ವೈರಸ್ ತಡೆಯುವ ಚಿಕಿತ್ಸೆ). ಸಿಡಿ4 ಮೇಲೇರಿದಂತೆ ಬೇಧಿ ನಿಲ್ಲುತ್ತದೆ. ಮೆಟ್ರೊನಿಡಜೋಲ್, ಆಲ್ಬೆಂಡಜೋಲ್ ಬರೆದು ವಾರ ಕಳೆಯಬೇಡಿ.

ಕಿಡ್ನಿ ಕಸಿಯಾದವರಲ್ಲಿ ಒಂದು ಅಪಾಯವನ್ನು ಬಹಳ ಜನ ಮರೆಯುತ್ತಾರೆ: ಬೇಧಿಯಲ್ಲಿ ಟ್ಯಾಕ್ರೊಲಿಮಸ್ (ಕಸಿ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಮಾತ್ರೆ) ಮಟ್ಟ ಇಳಿಯುವುದಿಲ್ಲ, ಏರುತ್ತದೆ. ಅದನ್ನು ಒಡೆಯುವ, ವಾಪಸ್ ತಳ್ಳುವ ವ್ಯವಸ್ಥೆ ಕರುಳಿನ ಹೊದಿಕೆಯಲ್ಲೂ ಇದೆ, ಹೊದಿಕೆ ಹಾಳಾದಾಗ ಅದೂ ಹೋಗುತ್ತದೆ. ನೀರು ಬತ್ತಿದ ಕಿಡ್ನಿಗೆ ಮೇಲಿಂದ ಈ ಹೊಡೆತ. ಮೊದಲ ದಿನವೇ ರಕ್ತದಲ್ಲಿ ಮಟ್ಟ ನೋಡಿ, ಕಸಿ ತಂಡದ ಜೊತೆ ಮಾತಾಡಿ ಡೋಸ್ ಇಳಿಸಿ. "ಮೈಕೋಫಿನೊಲೇಟ್‌ನಿಂದ (ಅದೇ ಬಗೆಯ ಇನ್ನೊಂದು ಔಷಧ) ಬೇಧಿ" ಎಂದು ತೀರ್ಮಾನಿಸುವ ಮುಂಚೆ ಸ್ಲೈಡ್ ಹಾಕಿಸಿ.

ಓಆರ್‌ಎಸ್ ದೊಡ್ಡ ಪೊಟ್ಟಣ 1 ಲೀಟರ್‌ಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ಬೇಧಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ.

ಸ್ಲೈಡ್‌ಮಿತ್ರ

ಮೂವರಿಗೂ ಧನ್ಯವಾದ. ಮನೆಗೆ ಕಳಿಸುವಾಗ ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ ಸಾಕೇ?

ವಾರ್ಡ್ ಸುತ್ತು

ಸಾಲದು, ಮೇಡಂ. ಊಸಿಸ್ಟ್‌ನ ಗೋಡೆ ಕ್ಲೋರಿನ್‌ಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದದ್ದು ಕ್ಲೋರಿನ್ ಹಾಕಿದ ನಲ್ಲಿ ನೀರಿನಿಂದಲೇ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಬಿಟ್ಟು, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಬೇಕು. ಸ್ಯಾನಿಟೈಸರ್ ಕೂಡ ಇದನ್ನು ಕೊಲ್ಲದು, ಕೈಯನ್ನು ಸೋಪು ಹಚ್ಚಿ ಹರಿಯುವ ನೀರಲ್ಲೇ ತೊಳೆಯಲು ಹೇಳಿ.